ಅಕ್ಕನ ಪಾಲಿನ ಅಂಗಳ

ಸನ್ಮಾನದ ಸಭೆಗಳಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟ ಮೇಲೆ ಯಾರಾದರೊಬ್ಬರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಗೆರೆಯಾಚೆ ಬೀಳುವ ಶಟಲನ್ನು ನೀವು ಅಷ್ಟು ನಿಶ್ಚಿಂತೆಯಿಂದ ಹೇಗೆ ಬಿಡುತ್ತಿದ್ದಿರಿ? ಬೇರೆಯವರು ಅನುಮಾನ ಬಂದರೆ ಬ್ಯಾಟು ಚಾಚುತ್ತಾರೆ, ನೀವು ಕಂಬದ ಹಾಗೆ ನಿಂತುಬಿಡುತ್ತಿದ್ದಿರಲ್ಲ? ನಾನು ‘ಅಭ್ಯಾಸ’ ಎಂದು ಹೇಳಿ ಕುಳಿತುಕೊಳ್ಳುತ್ತೇನೆ. ಚಪ್ಪಾಳೆ ಬೀಳುತ್ತದೆ. ಹಿಂದೆ ನನ್ನನ್ನು ಕುಂಟ ಎನ್ನುತ್ತಿದ್ದ ಜನ ಈಗ ಸ್ಫೂರ್ತಿ ಎನ್ನುತ್ತಾರೆ. ಎರಡನ್ನೂ ನನ್ನ ಕಾಲು ನೋಡಿಯೇ ಹೇಳುತ್ತಾರೆ, ಮುಖ ನೋಡಿ ಅಲ್ಲ.

ಅಭ್ಯಾಸ ಎಂದದ್ದು ಸುಳ್ಳೇನಲ್ಲ. ಆದರೆ ಎಂಥ ಅಭ್ಯಾಸ ಎಂದು ಬಿಡಿಸಿ ಹೇಳಿದರೆ ಸಭೆ ಮುಗಿದ ಮೇಲೆ ಯಾರಿಗೂ ಊಟ ಸೇರಲಿಕ್ಕಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹತ್ತಿ ವ್ಯಾಪಾರದ ಮನೆತನ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ, ಗೋದಾಮು ಅಲ್ಲೇ ರೈಲು ನಿಲ್ದಾಣದ ಕಡೆ ಹೋಗುವ ದಾರಿಯಲ್ಲಿ. ಬೇಸಿಗೆಯಲ್ಲಿ ಹೆಬ್ಬಳ್ಳಿ ಕಡೆಯ ಹತ್ತಿ ಬಂದು ಬಿದ್ದರೆ ಗೋದಾಮಿನೊಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಎಲ್ಲ ಮಾರಿಹೋಗಿ, ಒಳಗೆ ಕೂಗಿದರೆ ತಿರುಗಿ ಕೂಗುವಷ್ಟು ಖಾಲಿ. ಆ ಖಾಲಿ ಗೋದಾಮಿನಲ್ಲಿ ನಾನು ಬ್ಯಾಡ್ಮಿಂಟನ್ ಕಲಿತೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಲಿಸಿದವನು ಕಾಕಾ, ಅಪ್ಪನ ತಮ್ಮ. ವ್ಯಾಪಾರದಲ್ಲಿ ಮನಸ್ಸಿಲ್ಲದವನು, ಅಪ್ಪನ ಲೆಕ್ಕದಲ್ಲಿ ಕೆಲಸಕ್ಕೆ ಕಡೆ, ಊಟಕ್ಕೆ ಮುಂದೆ. ಎರಡು ಕಂಬಗಳ ನಡುವೆ ಹಗ್ಗ ಬಿಗಿದು, ಅದರ ಮೇಲೆ ಹರಿದ ಗೋಣಿತಟ್ಟುಗಳನ್ನು ಇಳಿಬಿಟ್ಟು, ಇದೇ ನೆಟ್ ಎಂದ. ಅದರಾಚೆ ನಿಂತವರ ತಲೆ ಮಾತ್ರ ಕಾಣುತ್ತಿತ್ತು.

ಎರಡು ವರ್ಷದ ಕೂಸಿದ್ದಾಗ ಬಂದ ಜ್ವರ ನನ್ನ ಎಡಗಾಲಿನ ಬಲವನ್ನು ತೆಗೆದುಕೊಂಡು ಹೋಗಿತ್ತು. ತೊಡೆಯಿಂದ ಪಾದದವರೆಗೆ ಎರಡು ಕಬ್ಬಿಣದ ಸರಳು, ನಡುವೆ ಚರ್ಮದ ಪಟ್ಟಿ, ಕೆಳಗೆ ದಪ್ಪ ಬೂಟು. ಆ ಕ್ಯಾಲಿಪರ್ ಕಟ್ಟಿಕೊಂಡೇ ನನ್ನ ಓಡಾಟ. ಅಂಥವನನ್ನು ಆಟಕ್ಕೆ ಎಳೆದವಳು ಅಕ್ಕ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಒಂದು ಕಡೆ ಕೂತವಳಲ್ಲ. ರೊಟ್ಟಿಯನ್ನು ಕೈಯಲ್ಲಿ ಮಡಚಿಕೊಂಡು ಅಡಿಗೆಮನೆಯ ಬಾಗಿಲಿಗೊರಗಿ ನಿಂತೇ ತಿನ್ನುತ್ತಿದ್ದಳು, ಓದುವುದೂ ಅಂಗಳದಲ್ಲಿ ತಿರುಗಾಡುತ್ತಲೇ. ಅವ್ವನ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ಆ ಮಾತು:

“ಕುಂದ್ರಬಾರದೇನ ತಂಗಿ ಒಂದ ಗಳಿಗಿ? ಕುಂತ್ರ ಮುಳ್ಳ ಚುಚ್ಚತಾವೇನು?”

ಅಕ್ಕ ನಗುತ್ತಿದ್ದಳು, ಕೂರುತ್ತಿರಲಿಲ್ಲ.

ನಾವಿಬ್ಬರೂ ಒಂದು ಕಡೆ, ಕಾಕಾ ಮತ್ತು ಅವನ ಗೆಳೆಯ ಒಂದು ಕಡೆ. ಮೊದಲ ವಾರದಲ್ಲೇ ಒಂದು ಶಟಲಿಗೆ ಇಬ್ಬರೂ ನುಗ್ಗಿ, ನನ್ನ ಕ್ಯಾಲಿಪರಿನ ಕಬ್ಬಿಣ ಅವಳ ಮೊಣಕಾಲ ಕೆಳಗೆ ಸೀಳಿತು. ರಕ್ತ ಬಳಬಳ ಸುರಿಯಿತು. ಅಕ್ಕ ಅವ್ವನ ಎದುರು ಮೆಟ್ಟಿಲು ತಾಗಿತು ಎಂದಳು. ಮರುದಿನ ಅಜ್ಜಿಯ ಎಲೆಯಡಿಕೆಯ ಡಬ್ಬಿಯಿಂದ ಸುಣ್ಣ ಕದ್ದು ತಂದು, ನೀರಲ್ಲಿ ಕಲಸಿ, ಗೋದಾಮಿನಲ್ಲಿ ನಾವಾಡುವ ಅಂಗಳದ ನಮ್ಮ ಬದಿಯ ನಟ್ಟನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು.

“ಬಲಕ್ಕ ನಿಂದು, ಎಡಕ್ಕ ನಂದು. ಗೆರಿ ದಾಟಿದಿ ಅಂದ್ರ ಕಾಲ ಮುರೀತೇನಿ ನೋಡು.”

“ಇರೂದ ಒಂದ ಐತೆಲ್ಲಕ್ಕಾ,” ಎಂದೆ ನಾನು.

“ಹಂಗಾರ ಅದನ್ನ ಜ್ವಾಕಿ ಇಟ್ಕೊ.”

ಬೇರೆಯವರು ನನ್ನ ಕಾಲಿನ ಸುದ್ದಿ ತೆಗೆದರೆ ಮೈ ಉರಿಯುತ್ತಿತ್ತು. ಅಯ್ಯೋ ಪಾಪ ಎಂದವರನ್ನಂತೂ ಬ್ಯಾಟಿನಲ್ಲಿ ಬಾರಿಸಬೇಕೆನ್ನಿಸುತ್ತಿತ್ತು. ಅಕ್ಕ ತಮಾಷೆ ಮಾಡಿದರೆ ಮಾತ್ರ ನಗು ಬರುತ್ತಿತ್ತು. ಅವಳ ತಮಾಷೆಯಲ್ಲಿ ಕರುಣೆ ಇರಲಿಲ್ಲ.

ಕಾಕಾನಿಗೆ ಕುಯುಕ್ತಿ ಬಹಳ. ನಮ್ಮಿಬ್ಬರ ನಡುವಿನ ಗೆರೆಯ ಆಸುಪಾಸಿನಲ್ಲೇ ಶಟಲ್ ಬೀಳಿಸುತ್ತಿದ್ದ. ನಾನು ಆಸೆಬುರುಕ, ಕೈ ಚಾಚಲು ಹೋಗುವಷ್ಟರಲ್ಲಿ ಎಡಗಡೆಯಿಂದ ಅಕ್ಕನ ದನಿ ಬರುತ್ತಿತ್ತು. “ಬಿಡೊ, ನಂದು.” ಕೂಗಾಟವೇನಿಲ್ಲ, ಓಡುತ್ತ ಬಂದವಳ ಉಸಿರಿನೊಳಗೆ ಸಿಕ್ಕಿಕೊಂಡ ಎರಡು ಮಾತು. ಅದು ಕಿವಿಗೆ ಬಿದ್ದರೆ ಸಾಕು, ನನ್ನ ಇಡೀ ಮೈ ನಿಂತುಬಿಡುತ್ತಿತ್ತು. ಮುಂದಿನದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಮಳೆಗಾಲದಿಂದ ಮಳೆಗಾಲಕ್ಕೆ ಹಾಗೇ ಆಡಿದೆವು. ಪ್ರತಿ ವರ್ಷ ಹತ್ತಿ ಬಂದು ಗೆರೆ ಅಳಿಸುತ್ತಿತ್ತು, ಪ್ರತಿ ವರ್ಷ ಅಕ್ಕ ಹೊಸದಾಗಿ ಎಳೆಯುತ್ತಿದ್ದಳು.

ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಕಾಮಣಿ ರೋಗ ಹಿಡಿಯಿತು. ಮೊದಲು ಪಥ್ಯ ಮಾಡಿಸಿದರು, ನಾಟಿ ಔಷಧ ಕುಡಿಸಿದರು. ಕಣ್ಣು ಅರಿಶಿಣದ ಬಣ್ಣಕ್ಕೆ ತಿರುಗಿ, ಮಾತು ತೊದಲಿದ ಮೇಲೆ ಹುಬ್ಬಳ್ಳಿಗೆ ಒಯ್ದರು. ಹೊತ್ತು ಮೀರಿತ್ತು. ಅವಳನ್ನು ಮನೆಗೆ ತರುವಾಗ ನಾನು ಗಾಡಿಯಲ್ಲಿ ಡ್ರೈವರನ ಪಕ್ಕ ಕುಳಿತಿದ್ದೆ. ಹುಬ್ಬಳ್ಳಿಯಿಂದ ಧಾರವಾಡದವರೆಗೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಅಕ್ಕನನ್ನೂ ಪಡಸಾಲೆಯ ಗೋಡೆಗೆ ಆನಿಸಿ, ಕಾಲು ಮಡಚಿ ಕೂರಿಸಿದರು. ತಲೆ ವಾಲದಂತೆ ಗೋಡೆಯ ಮೊಳೆಗೆ ಬಟ್ಟೆ ಕಟ್ಟಿದರು, ಹಣೆತುಂಬ ವಿಭೂತಿ ಹಚ್ಚಿದರು. ಅವ್ವ ಅತ್ತು ಅತ್ತು ದನಿ ಹೋದಮೇಲೆ, ಸುಮ್ಮನೆ ಅವಳನ್ನೇ ನೋಡುತ್ತ ಬಂದವರಿಗೆಲ್ಲ ತೋರಿಸುತ್ತಿದ್ದಳು.

“ಹುಟ್ಟಿದಾಗಿಂದ ಕುಂದ್ರು ಕುಂದ್ರು ಅಂದೆ. ಈಗ ಹೆಂಗ ಕುಂತಾಳ ನೋಡ್ರೆವ್ವಾ.”

ಸ್ಮಶಾನದಲ್ಲಿ ಕುಣಿಯೊಳಗೂ ಹಾಗೇ ಕೂರಿಸಿ ಮಣ್ಣು ಎಳೆದರು. ನಾನು ಒಂದು ಹಿಡಿ ಹಾಕಿದೆ. ಇವಳು ಇಲ್ಲಿ ಕೂರುವವಳಲ್ಲ ಎಂದು ಆಗಲೇ ಅನ್ನಿಸಿತು. ದುಃಖದ ಮಾತಲ್ಲ ಅದು. ಮಳೆ ಬರುತ್ತದೆ ಎಂದು ಅನ್ನಿಸುತ್ತದಲ್ಲ, ಹಾಗೆ ಖಚಿತವಾಗಿ ಅನ್ನಿಸಿತು.

ಅವಳ ಬ್ಯಾಟನ್ನು ಅವ್ವ ತಾನು ಮಲಗುವ ಕೋಣೆಯಲ್ಲಿ ಮೊಳೆಗೆ ತೂಗುಹಾಕಿದಳು. ಆ ವರ್ಷ ಗೋದಾಮಿನಲ್ಲಿ ಉಳಿದಿದ್ದ ಗೆರೆಯ ಮೇಲೆ ಹತ್ತಿ ಬಂದು ಬಿತ್ತು. ಮರುವರ್ಷ ಯಾರೂ ಗೆರೆ ಎಳೆಯಲಿಲ್ಲ. ನಾನು ಆಟ ಬಿಟ್ಟೆ, ಬಿ.ಕಾಂ. ಮುಗಿಸಿದೆ, ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದೆ. ದಿನವೂ ಕಂಪನಿ ಬಸ್ಸಿನಲ್ಲಿ ಹೋಗುವುದು, ನಟ್ಟು ಬೋಲ್ಟು ಎಣಿಸುವುದು, ಬರುವುದು. ಅಲ್ಲಿನ ಖಾಲಿ ಶೆಡ್ಡಿನಲ್ಲಿ ಕೆಲಸ ಬಿಟ್ಟ ಮೇಲೆ ಕೆಲವರು ಬ್ಯಾಡ್ಮಿಂಟನ್ ಆಡುತ್ತಿದ್ದರು. ಬಹಳ ದಿನ ಆ ಕಡೆ ತಲೆ ಹಾಕಲಿಲ್ಲ. ಒಂದು ಸಂಜೆ ಬಸ್ಸು ತಡವಾಯಿತೆಂದು ಹೋಗಿ ಬ್ಯಾಟು ಹಿಡಿದೆ. ಕೈ ಮರೆತಿರಲಿಲ್ಲ. ಕ್ಯಾಲಿಪರ್ ಬಿಚ್ಚಿಟ್ಟು, ತೊಡೆಯ ಮೇಲೆ ಎಡಗೈ ಊರಿಕೊಂಡು ಓಡುವುದನ್ನು ಅಲ್ಲೇ ಕಲಿತೆ. ಒಂದೇ ಕಾಲಿನ ಕುಪ್ಪಳಿಕೆಗೆ ಅಲ್ಲಿನ ಜನ ಮೊದಮೊದಲು ಕಣ್ಣು ತಗ್ಗಿಸುತ್ತಿದ್ದರು, ನನ್ನೆದುರು ಸೋಲತೊಡಗಿದ ಮೇಲೆ ಎತ್ತಿದರು.

ಬೆಂಗಳೂರಿನಲ್ಲಿ ಅಂಗವಿಕಲರ ಪಂದ್ಯಗಳಿವೆ ಎಂಬ ಸುದ್ದಿ ತಂದವನು ಕಾಕಾ. ನನಗೆ ಇಷ್ಟವಿರಲಿಲ್ಲ. ಕುಂಟರ ಜಾತ್ರೆಗೆ ನಾನ್ಯಾಕೆ ಬರಲಿ ಎಂದೆ. “ನಿನಗೇನ ಕಾಲ ಬಂದಾವೇನು ಮತ್ತ?” ಎಂದ ಕಾಕಾ. ಹೋದೆ.

ಅಲ್ಲಿ ಕಾಲಿನ ಬಲ ಪರೀಕ್ಷೆ ಮಾಡಿ ನನ್ನನ್ನು ಒಂದು ವರ್ಗಕ್ಕೆ ಹಾಕಿದರು. ಪಂದ್ಯ ನಡೆಸುವವರು ಅಂಗಳದ ಪಕ್ಕ ನಿಂತು ನಿಯಮ ಹೇಳಿದರು. ನಮ್ಮ ವರ್ಗದವರಿಗೆ ಸಿಂಗಲ್ಸ್ ಆಟ ಅರ್ಧ ಅಂಗಳದಲ್ಲಿ ಮಾತ್ರ. ಉದ್ದಕ್ಕೂ ಎಳೆದ ನಡುಗೆರೆಯ ಈ ಕಡೆ ಆಟ, ಆ ಕಡೆ ಬಿದ್ದದ್ದು ಔಟ್. ನನಗೆ ತಿಳಿಯಲಿಲ್ಲವೆಂದಲ್ಲ, ಆದರೂ ಇನ್ನೊಮ್ಮೆ ಹೇಳಿಸಿಕೊಂಡೆ. ಕಾಕಾ ಬೆಂಚಿನ ಮೇಲೆ ಕುಸಿದು ಕುಳಿತ.

“ನಿಮ್ಮಕ್ಕ ಈ ಗೆರಿ ಎಂದೋ ಎಳದಿದ್ಲಲ್ಲೊ ತಮ್ಮಾ,” ಎಂದ.

ಮೊದಲ ಪಂದ್ಯದ ಮೊದಲ ಆಟ. ಎದುರಿನವನು ಚಾಣಾಕ್ಷ, ನಡುಗೆರೆಗೆ ಅಂಟಿಸಿ ಹೊಡೆಯುತ್ತಿದ್ದ. ಒಂದು ಶಟಲ್ ನನ್ನ ಎಡಕ್ಕೆ ಇಳಿಯಿತು. ಕೈ ಚಾಚಲು ಹೊರಟೆ. ಎಡಗಿವಿಯ ಹಿಂದೆ, ಒಂದು ಮಾರು ದೂರದಿಂದ, ಓಡುತ್ತ ಬಂದ ಉಸಿರಿನೊಡನೆ ಆ ದನಿ ಬಂತು.

“ಬಿಡೊ, ನಂದು.”

ಮೈ ನಿಂತಿತು. ಶಟಲ್ ಗೆರೆಯಾಚೆ ಒಂದು ಬೆರಳಿನಷ್ಟು ದೂರದಲ್ಲಿ ಬಿತ್ತು. ಔಟ್ ಎಂದರು.  ಹೆದರಿಕೆಯಾಯಿತು, ಮುಚ್ಚಿಡುವುದೇನು. ಹೆದರಿಕೆಯ ಕೆಳಗೆ ಸಂತೋಷವೂ ಇತ್ತು, ಅದನ್ನು ಹೇಳಲೇ ನಾಚಿಕೆ. ಮೊದಲ ಆಟ ಗೆದ್ದು ಬದಿ ಬದಲಾಯಿಸುವಾಗ ನನಗೆ ಒಂದೇ ಚಿಂತೆ. ಆಚೆ ಹೋದರೆ ಆಡುವ ಅರ್ಧ ನನ್ನ ಎಡಕ್ಕೆ ಬರುತ್ತದೆ, ಬಿಟ್ಟ ಅರ್ಧ ಬಲಕ್ಕೆ. ಗೋದಾಮಿನಲ್ಲಿ ಅಕ್ಕ ಎಂದೂ ಬಲಕ್ಕೆ ನಿಂತವಳಲ್ಲ. ಬರುತ್ತಾಳೋ ಇಲ್ಲವೋ? ಆಟ ಶುರುವಾಗಿ ನಾಲ್ಕಾರು ಹೊಡೆತವಾಗಿತ್ತು, ಬಲಗಿವಿಯ ಹಿಂದೆ ದನಿ ಬಂತು. ಅವಳೂ ಬದಿ ಬದಲಾಯಿಸಿದ್ದಳು.

ಕಪ್ಪು ಹಿಡಿದು ಮನೆಗೆ ಬಂದಾಗ ಕಾಕಾ ಓಣಿಗೆಲ್ಲ ಡಂಗುರ ಹೊಡೆಯುತ್ತಿದ್ದ. ನಾನು ಅಡಿಗೆಮನೆಗೆ ಹೋಗಿ, ರೊಟ್ಟಿ ತಟ್ಟುತ್ತಿದ್ದ ಅವ್ವನ ಪಕ್ಕ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಚ್ಚು ಹಿಡಿಯಿತೇನೋ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

“ಏನ ಉಟ್ಟಿದ್ಲು?”

“ಕಾಣಲಿಲ್ಲವ್ವಾ. ಬರೇ ದನಿ.”

“ದನಿ ಹೆಂಗಿತ್ತು?”

“ಮೊದಲಿನಂಗ ಇತ್ತು. ಓಡಿ ಬಂದಂಗ ಉಸರ ಹತ್ತಿತ್ತು.”

“ಉಸರ ಹತ್ತಿತ್ತೇನು?” ಎಂದಳು ಅವ್ವ. ಹೆಂಚಿನ ಮೇಲಿನ ರೊಟ್ಟಿ ಸೀದಿತು. ಅದನ್ನು ತೆಗೆದು ಪಕ್ಕಕ್ಕಿಟ್ಟು ಇನ್ನೊಂದು ತಟ್ಟಿದಳು.

ಆಮೇಲಿನದು ಪತ್ರಿಕೆಗಳಲ್ಲಿ ಬಂದದ್ದೇ. ರಾಜ್ಯದಲ್ಲಿ ಗೆದ್ದೆ, ದೇಶದಲ್ಲಿ ಗೆದ್ದೆ, ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಹೊರದೇಶಗಳಿಗೂ ಹೋಗಿ ಪದಕ ತಂದೆ. ಹೆಸರು ಬಂದದ್ದು ಹೊಡೆತಕ್ಕಲ್ಲ, ಬಿಡುವುದಕ್ಕೆ. ಒಂದು ಫೈನಲಿನ ಕೊನೆಯಲ್ಲಿ ಶಟಲ್ ಗೆರೆಯ ಮೇಲೇ ಬೀಳುತ್ತಿದೆ ಎಂದು ನಮ್ಮವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ ನಾನು ಬ್ಯಾಟು ಕೆಳಗಿಳಿಸಿ ನಿಂತಿದ್ದೆ. ಔಟೇ ಆಗಿತ್ತು. ಆ ಊರಿನ ಅಂಪೈರು ತನ್ನ ಭಾಷೆಯಲ್ಲಿ ಅಂಕ ಕೂಗುತ್ತಿದ್ದ, ನನ್ನ ಕಿವಿಯ ಹಿಂದೆ ಮಾಳಮಡ್ಡಿಯ ಮಾತು. ಆ ದನಿ ಕಾರ್ಖಾನೆಯ ಶೆಡ್ಡಿನಲ್ಲಿ, ಅಭ್ಯಾಸದಲ್ಲಿ ಒಮ್ಮೆಯೂ ಬರಲಿಲ್ಲ. ಪಂದ್ಯವಿದ್ದರೆ ಮಾತ್ರ. ಅವಳಿಗೂ ಗೆಲ್ಲುವ ಚಟವಿತ್ತು, ಮೊದಲಿನಿಂದಲೂ.

ಪ್ರತಿ ಸಲ ಊರಿಗೆ ಬಂದಾಗ ಅವ್ವ ಪದಕದ ಕಡೆ ನೋಡುತ್ತಲೂ ಇರಲಿಲ್ಲ. ನಾನು ಬೂಟು ಬಿಚ್ಚುವ ಮೊದಲೇ ಕೇಳುತ್ತಿದ್ದಳು.

“ಬಂದಿದ್ಲೇನು?”

“ಬಂದಿದ್ಲು.”

ಅಷ್ಟಾದರೆ ಅವ್ವನ ಮುಖಕ್ಕೆ ಬೆಳಕು ಬರುತ್ತಿತ್ತು. ಅಂದು ಅಡಿಗೆಗೆ ಅಕ್ಕನಿಗೆ ಸೇರುತ್ತಿದ್ದ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ. ಮಗಳು ತವರಿಗೆ ಬಂದು ಹೋದಳು ಎನ್ನುವ ಹಾಗೆ ಎರಡು ದಿನ ಗೆಲುವಾಗಿರುತ್ತಿದ್ದಳು. ಆಮೇಲೆ ಮುಂದಿನ ಪಂದ್ಯ ಯಾವಾಗ ಎಂದು ಕೇಳುತ್ತಿದ್ದಳು. ನನ್ನ ಆಟ ನೋಡಲು ಒಮ್ಮೆಯೂ ಬರಲಿಲ್ಲ. ತಾನು ಬಂದರೆ ಅಕ್ಕ ಬರಲಿಕ್ಕಿಲ್ಲ ಎಂಬ ಅಂಜಿಕೆ ಅವ್ವನಿಗಿತ್ತೆಂದು ಕಾಣುತ್ತದೆ.

ಹೀಗಿರುವಾಗ ಒಂದು ದೊಡ್ಡ ಪಂದ್ಯದ ಹೊತ್ತಿಗೆ ಹೊರದೇಶದ ವೈದ್ಯರು ನಮ್ಮನ್ನೆಲ್ಲ ಹೊಸದಾಗಿ ಪರೀಕ್ಷಿಸಿದರು. ನನ್ನ ತೊಡೆ ಒತ್ತಿದರು, ಪಾದ ಹಿಡಿದು ತಳ್ಳಿ ಎಂದರು, ನಡೆಸಿದರು, ಕುಪ್ಪಳಿಸಲು ಹೇಳಿದರು. ನಿಮ್ಮ ಕಾಲಿನಲ್ಲಿ ಈ ವರ್ಗಕ್ಕೆ ಬೇಕಾದುದಕ್ಕಿಂತ ಹೆಚ್ಚು ಬಲವಿದೆ, ಇನ್ನು ಮೇಲೆ ನೀವು ಮೇಲಿನ ವರ್ಗದಲ್ಲಿ ಆಡಬೇಕು ಎಂದರು. ಬುದ್ಧಿ ತಿಳಿದಾಗಿನಿಂದ ನನ್ನ ಕಾಲಿಗೆ ಬಲವಿಲ್ಲ ಎಂದು ಕೇಳುತ್ತ ಬಂದವನಿಗೆ ಮೊದಲ ಸಲ ಯಾರೋ ಬಲವಿದೆ ಎಂದರು, ಅದೇ ನನ್ನ ತಲೆಯ ಮೇಲೆ ಕಲ್ಲು ಹಾಕಿದಂತಾಯಿತು. ಮೇಲಿನ ವರ್ಗದವರು ಆಡುವುದು ಪೂರ್ತಿ ಅಂಗಳದಲ್ಲಿ.

ನಡುಗೆರೆ ಇತ್ತು, ಆದರೆ ಅದು ಸರ್ವಿಸ್ ಮಾಡುವಾಗಿನ ಗೆರೆ ಅಷ್ಟೇ. ಎರಡೂ ಕಡೆ ನನ್ನದೇ. ಶೆಡ್ಡಿನಲ್ಲಿ ಅಭ್ಯಾಸ ಮಾಡುವಾಗ ಎಡಕ್ಕೂ ಓಡಿದೆ, ಬಲಕ್ಕೂ ಓಡಿದೆ, ಏನೂ ತೊಂದರೆಯಾಗಲಿಲ್ಲ. ಪಂದ್ಯಕ್ಕೆ ಇಳಿದೆ. ಎದುರಿನವನು ಎಡಕ್ಕೆ ಹೊಡೆದ. ಕೈ ಚಾಚಿದರೆ ಸಿಗುವ ಶಟಲ್.

“ಬಿಡೊ, ನಂದು.”

ನಿಂತೆ. ಶಟಲ್ ಒಳಗೆ ಬಿತ್ತು. ಎತ್ತುವವರು ಯಾರೂ ಇರಲಿಲ್ಲ.

ಮತ್ತೆ ಎಡಕ್ಕೆ, ಮತ್ತೆ ಅದೇ. ಈ ಸಲ ಕೇಳಬಾರದು ಎಂದು ಹಲ್ಲು ಕಚ್ಚುತ್ತಿದ್ದೆ, ದನಿ ಬಂದೊಡನೆ ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು. ನಾನು ತಲೆ ಬಾಗಿಸಿ ಹೊರಗೆ ಬಂದಾಗ ಬೆಂಗಳೂರಿನ ನಮ್ಮ ಕೋಚ್ ಎದುರಿಗೇ ನಿಂತಿದ್ದರು.

“ಏನ್ರೀ ಇದು? ಕಣ್ಮುಂದೆ ಬೀಳ್ತಾ ಇದ್ರೆ ಮೆರವಣಿಗೆ ನೋಡೋರ ಥರ ನಿಂತಿದ್ರಲ್ಲ? ಬೇಕಂತ ಸೋತ್ರಾ ಅಂತ ಕೇಳ್ತಿದಾರೆ ಜನ.”

ಏನು ಹೇಳಲಿ? ಅಭ್ಯಾಸ ಎಂದೆ. ಅವರು ಬೆನ್ನು ತಿರುಗಿಸಿ ಹೋದರು. ಮುಂದಿನ ಪಂದ್ಯದಲ್ಲೂ ಅದೇ ಪಾಡು. ಅಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು, ಅದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ. ದನಿ ತಡವಾಗಿ ಬರತೊಡಗಿತ್ತು. ಮೊದಲಿನ ಹಾಗೆ ಆಟದ ಉಸಿರಲ್ಲ, ಏದುಸಿರು. ‘ನಂದು’ ಎನ್ನುವುದು ಪೂರ್ತಿ ಆಗುತ್ತಿರಲಿಲ್ಲ. ನನಗೆ ಸೋಲಿನ ಸಂಕಟಕ್ಕಿಂತ ಆ ಏದುಸಿರಿನ ಸಂಕಟ ಹೆಚ್ಚಾಯಿತು.

ಕೋಚ್ ಕೊನೆಯ ಮಾತು ಹೇಳಿದರು. ಹುಬ್ಬಳ್ಳಿಯಲ್ಲಿ ಆಯ್ಕೆಯ ಪಂದ್ಯವಿದೆ, ಅದರಲ್ಲಿ ಗೆದ್ದರೆ ತಂಡದಲ್ಲಿ ಇರುತ್ತೀರಿ, ಇಲ್ಲದಿದ್ದರೆ ನಮಸ್ಕಾರ. ಆಟ ಬಿಟ್ಟರೆ ನಾನೇನು? ಸ್ಟೋರಿನ ನಟ್ಟು ಬೋಲ್ಟು. ಮೂವತ್ತು ತುಂಬುವ ಮೊದಲೇ ಮುಗಿದುಹೋದವನು. ನನಗೆ ಆಡಬೇಕಿತ್ತು, ಹೊಟ್ಟೆಯೊಳಗಿನಿಂದ ಆಡಬೇಕಿತ್ತು. ಆಡಬೇಕೆಂದರೆ ಗೆರೆ ದಾಟಬೇಕು. ದಾಟಿದರೆ ಅವಳು ಉಳಿಯುವುದಿಲ್ಲ ಎಂಬುದು ನನಗೆ ಯಾರೂ ಹೇಳದೆಯೇ ಗೊತ್ತಿತ್ತು. ಅವಳು ಹೋದರೆ ಅವ್ವನಿಗೆ ಏನು ಹೇಳುವುದು?

ಪಂದ್ಯದ ಹಿಂದಿನ ದಿನ ಸಂಜೆ ಹೇಳಿಯೇಬಿಟ್ಟೆ. ಅವ್ವ ಜೋಳ ಹಸನು ಮಾಡುತ್ತ ಪಡಸಾಲೆಯಲ್ಲಿ ಕುಳಿತಿದ್ದಳು.

“ಎಡಕ್ಕ ಬಂದದ್ದ ಹೊಡಿಯಾಕ ಬಿಡವಲ್ಲಳು ಅವ್ವಾ. ನಂದು ಅಂತಾಳ, ನಾ ನಿಂದರತೇನಿ. ಅದಕ್ಕ ಸೋಲಾಕತ್ತೇನಿ.”

ಅವ್ವ ಮೊರ ಕೆಳಗಿಡಲಿಲ್ಲ. “ಸೋತ್ರ ಸೋಲು. ಎಷ್ಟ ಕಪ್ಪ ಅದಾವ ಮನ್ಯಾಗ, ಸಾಲವಲ್ಲದೇನು?”

“ನಾ ದಾಟಬೇಕವ್ವಾ.”

“ಬ್ಯಾಡ,” ಎಂದಳು. “ಆಕಿ ಜಾಗಾ ಅದು. ಆಕಿಗೆ ಅಲ್ಲೆ ಒಂದ ಜಾಗಾ ಐತಿ.”

ನನಗೆ ಸಿಟ್ಟು ಬಂತು. ಬದುಕಿದ್ದವನಿಗೆ ಅರ್ಧ, ಸತ್ತವಳಿಗೆ ಅರ್ಧ, ಇದ್ಯಾವ ನ್ಯಾಯ ಎಂದು ಬಾಯಿಗೆ ಬಂದಿತ್ತು. ಅವ್ವನ ಮೇಲೆ ಸಿಟ್ಟು, ಅಕ್ಕನ ಮೇಲೂ ಸಿಟ್ಟು. ಆ ಸಿಟ್ಟಿನಲ್ಲೇ ಮುಚ್ಚಿಟ್ಟಿದ್ದನ್ನು ಆಡಿಬಿಟ್ಟೆ.

“ಆಕಿಗೆ ಆಗವಲ್ಲದು ಅವ್ವಾ. ಮೊದಲ ಬರೇ ಕೂಗಿದ್ರ ಆಗತಿತ್ತು, ಆ ಕಡೆ ಹೋದದ್ದೆಲ್ಲಾ ಔಟ್. ಈಗ ಹೊಡೀಬೇಕಲ್ಲ? ಓಡಿ ಬರತಾಳ, ಹೊಡಿಯಾಕ ಆಗಂಗಿಲ್ಲ. ಉಸರ ಭಾಳ ಹತ್ತೈತಿ ಈಗ. ಮಾತ ಪೂರಾ ಬರವಲ್ಲದು.”

ಮೊರದ ಸದ್ದು ನಿಂತಿತು. ಅವ್ವ ತನ್ನ ಕೋಣೆಯ ಕಡೆ ತಿರುಗಿದಳು. ಅಲ್ಲಿಂದ ಗೋಡೆಯ ಮೊಳೆಗೆ ತೂಗುಬಿಟ್ಟ ಅಕ್ಕನ ಬ್ಯಾಟು ಕಾಣುತ್ತಿತ್ತು. ಬಹಳ ಹೊತ್ತು ಅದನ್ನೇ ನೋಡಿದಳು.

“ಆಕಿ ಬ್ಯಾಟ್ ಇಲ್ಲೇ ಐತಿ,” ಎಂದಳು.

ಅಷ್ಟೇ. ಮತ್ತೆ ಜೋಳ ಕೇರತೊಡಗಿದಳು. ಮರುದಿನ ಬೆಳಿಗ್ಗೆ ನಾನು ಬೂಟು ಕಟ್ಟಿಕೊಳ್ಳುತ್ತಿದ್ದಾಗ ಅವ್ವ ಎದುರಿಗೆ ಬಂದು ನಿಂತಳು. ಕಣ್ಣು ಊದಿದ್ದವು. ದನಿ ಮಾತ್ರ ಜಗಳಕ್ಕೆ ಬಂದವರ ದನಿ.

“ಎಷ್ಟ ವರ್ಷ ಓಡಸ್ತಿ ಆಕಿನ್ನ? ಸತ್ತರೂ ಪುರಸೊತ್ತಿಲ್ಲ ಏನ ಆಕಿಗೆ? ಇವತ್ತ ಬಂದ್ಲು ಅಂದ್ರ, ಕುಂದ್ರು ಅಂತ ಹೇಳು. ಅವ್ವ ಹೇಳ್ಯಾಳ ಅಂತ ಹೇಳು.”

ನಾನು ತಲೆ ಎತ್ತಿ ನೋಡಿದೆ.

“ನನ್ನ ಮಾತ ಎಂದೂ ಕೇಳಿಲ್ಲ ಆಕಿ,” ಎಂದಳು ಅವ್ವ. “ಆದರೂ ಹೇಳು.”

ಹುಬ್ಬಳ್ಳಿಯ ಒಳಾಂಗಣದಲ್ಲಿ ಅಂದು ನೂರಾರು ಜನ. ಕಾಕಾ ಮುಂದಿನ ಸಾಲಿನಲ್ಲಿ ಟವೆಲು ಕಚ್ಚಿಕೊಂಡು ಕುಳಿತಿದ್ದ. ಎದುರಾಳಿ ಮಂಡ್ಯದ ಕಡೆಯ ತರುಣ, ಒಂದು ಪಾದ ತುಸು ಸೊಟ್ಟ, ಓಟ ಮಾತ್ರ ಚಿಗರೆಯದು. ನನ್ನ ರೋಗ ಯಾವುದೆಂದು ಅವನು ಮೊದಲೇ ವಿಚಾರಿಸಿಕೊಂಡು ಬಂದಿದ್ದ. ಮೊದಲ ಆಟದುದ್ದಕ್ಕೂ ಎಡಕ್ಕೇ ಹೊಡೆದ. ದನಿ ಬರುತ್ತಿತ್ತು, ಏದುಸಿರಿನಲ್ಲಿ, ಹರಿದು ಹರಿದು. ಅವ್ವನ ಮಾತು ಬಾಯಿಯವರೆಗೆ ಬರುವುದು, ನಾಲಿಗೆ ಏಳದು. ಹೇಗೆ ಹೇಳಲಿ? ಅದನ್ನು ಹೇಳುವುದೆಂದರೆ ಎರಡನೆಯ ಸಲ ಮಣ್ಣು ಹಾಕಿದಂತೆ. ಮೊದಲ ಆಟ ಸೋತೆ.

ಎರಡನೆಯ ಆಟದಲ್ಲಿ ಅವನು ನನ್ನನ್ನು ಬಲಮೂಲೆಗೆ ಎಳೆದು, ಎಡಮೂಲೆಗೆ ಎತ್ತಿ ಹೊಡೆದ. ನಿಧಾನವಾಗಿ ಇಳಿಯುವ ಶಟಲ್. ಸಮಯವಿತ್ತು. ದನಿ ಬಂತು. “ಬಿಡೊ” ಎಂಬುದಷ್ಟೇ ಬಂತು, ಮುಂದಿನದು ಬರಲಿಲ್ಲ. ಮುಂದೆ ಕೇಳಿದ್ದು ಬರೀ ಉಸಿರಾಟ. ಹುಬ್ಬಳ್ಳಿಯ ದವಾಖಾನೆಯಲ್ಲಿ, ಆ ಕೊನೆಯ ರಾತ್ರಿ ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡ ಉಸಿರಾಟ.

“ಅಕ್ಕಾ, ಕುಂದ್ರು,” ಎಂದೆ. “ಅವ್ವ ಕುಂದ್ರು ಅಂದಾಳ.”

ಗಟ್ಟಿಯಾಗಿಯೇ ಅಂದಿದ್ದೆ, ಅಂಪೈರು ನನ್ನ ಕಡೆ ನೋಡಿದರು. ಒಳ್ಳೆಯ ಕಾಲಿನ ಮೇಲೆ ಒಂದು ಕುಪ್ಪಳಿಕೆ, ಇನ್ನೊಂದು ಕುಪ್ಪಳಿಕೆ. ಕಾಲ ಕೆಳಗೆ ಬಿಳಿ ಗೆರೆ ಹಿಂದಕ್ಕೆ ಸರಿಯಿತು. ಕಾಲು ಮುರಿಯಲು ಯಾರೂ ಬರಲಿಲ್ಲ. ಬ್ಯಾಟಿಗೆ ಶಟಲ್ ತಾಗಿದ್ದು ಗೊತ್ತಾಯಿತು, ಎಲ್ಲಿ ಬಿತ್ತೋ ನೋಡಲಿಲ್ಲ. ಕಾಕಾನ ಕಡೆಯಿಂದ ಚಪ್ಪಾಳೆ ಬಂತು. ನಾನು ಎಡ ಅರ್ಧದ ನಡುವೆ ನಿಂತಿದ್ದೆ. ಗೋದಾಮು ಖಾಲಿಯಾದಾಗ ಇರುತ್ತಿತ್ತಲ್ಲ, ಅಂಥ ಖಾಲಿ ಅಲ್ಲಿತ್ತು.

ಪಂದ್ಯ ಗೆದ್ದೆ. ತಂಡದಲ್ಲಿ ಉಳಿದೆ, ಮುಂದೆ ಕೆಲವು ವರ್ಷ ಪೂರ್ತಿ ಅಂಗಳದಲ್ಲೇ ಆಡಿದೆ, ಒಂದೆರಡು ಪದಕಗಳೂ ಬಂದವು. ಆದರೆ ಬಿಡುವ ಕಲೆ ಅಂದೇ ಹೋಯಿತು. ಹೊರಗೆ ಬೀಳುವುದಕ್ಕೂ ಬ್ಯಾಟು ಚಾಚುತ್ತಿದ್ದೆ, ಒಳಗೆ ಬೀಳುವುದನ್ನೂ ಬಿಡುತ್ತಿದ್ದೆ. ಎಲ್ಲರಂತೆ ನಾನೂ ಅನುಮಾನದವನಾದೆ. ಸನ್ಮಾನ ಮಾಡುವವರಿಗೆ ಇದು ಗೊತ್ತಿಲ್ಲ, ಹಳೆಯದನ್ನೇ ಕೇಳುತ್ತಾರೆ.

ಅಂದು ಸಂಜೆ ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬಂದೆ. ಕಾಕಾ ಪಕ್ಕದಲ್ಲೇ ಮಾತಾಡುತ್ತಿದ್ದ, ಒಂದೂ ತಲೆಗೆ ಹೋಗಲಿಲ್ಲ. ನನ್ನ ಗಮನವೆಲ್ಲ ಎಡಗಿವಿಯ ಹಿಂದೆ. ಅಲ್ಲಿ ಬಸ್ಸಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಮನೆಯ ಹೊಸ್ತಿಲಲ್ಲಿ ಅವ್ವ ಕಾಯುತ್ತಿದ್ದಳು. ನಾನು ಬೂಟು ಬಿಚ್ಚುವ ಮೊದಲೇ ಕೇಳಿದಳು.

“ಬಂದಿದ್ಲೇನು?”

“ಬಂದಿದ್ಲು.”

“ಹೇಳಿದೇನು?”

“ಹೇಳಿದೆ.”

“ಮತ್ತ?”

“ಮತ್ತ ಬರಲಿಲ್ಲವ್ವಾ.”

ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಡಿಗೆಮನೆಯಿಂದ ಎಣ್ಣೆಗಾಯಿಯ ವಾಸನೆ ಬರುತ್ತಿತ್ತು, ಮಾಡಿಟ್ಟೇ ಕಾದಿದ್ದಳು. ನಿಧಾನವಾಗಿ ಹೊಸ್ತಿಲ ಪಕ್ಕದ ಕಟ್ಟೆಯ ಮೇಲೆ ಕುಳಿತಳು. ಅಕ್ಕ ಹೋದ ದಿನ ದನಿ ಹೋಗಿ ಅವ್ವನ ಅಳು ನಿಂತಿತ್ತು, ಅದಾದಮೇಲೆ ಅವ್ವ ಅತ್ತದ್ದನ್ನು ನಾನು ಕಂಡಿರಲಿಲ್ಲ.

“ಕುಂತ್ಲು ಹಂಗಾರ,” ಎಂದಳು. “ಒಂದ ಮಾತರ ಕೇಳಿದ್ಲು ನೋಡು ನಂದು.” ಸೆರಗು ಮುಖಕ್ಕೆ ತೆಗೆದುಕೊಂಡು ಅಳತೊಡಗಿದಳು. ನಾನು ಅವಳ ಎಡಕ್ಕೆ ಕುಳಿತೆ.